ಖಾತೆಯ ಕೀಲಿಕೈ ಯಾರದು?

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಅರ್ಥಶಾಸ್ತ್ರ ವಿಭಾಗ)

'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯನ್ನು ಕೇಳದವರು ನಮ್ಮ ಸೀಮೆಯಲ್ಲಿ ಇರಲಾರರು. ಹಣದ ವ್ಯವಹಾರದಲ್ಲಿ ಹುಟ್ಟಿದ ಈ ಗಾದೆ ಈಗ ಹಣದ ಲೆಕ್ಕಕ್ಕೂ ಅನ್ವಯಿಸತೊಡಗಿದೆ. ನಮ್ಮ ಖಾತೆಗೆ ಎಂದು ಎಷ್ಟು ಬಂತು, ಎಂದು ಎಷ್ಟು ಹೋಯಿತು, ಕಂತು ತಪ್ಪಿತೋ ಇಲ್ಲವೋ ಎಂಬ ವಿವರವೆಲ್ಲ ಬ್ಯಾಂಕಿನ ದಫ್ತರದಲ್ಲಿ ಇರುತ್ತದೆ. ಆ ಲೆಕ್ಕ ಯಾರ ಸ್ವತ್ತು? ಬರೆದಿಟ್ಟ ಬ್ಯಾಂಕಿನದೋ, ದುಡಿದು ಹಣ ಕಟ್ಟಿದ ಖಾತೆದಾರನದೋ? ಖಾತೆದಾರನು ಹೇಳಿದರೆ ಬ್ಯಾಂಕು ಅದನ್ನು ಮತ್ತೊಂದು ಬ್ಯಾಂಕಿಗೆ ತೋರಿಸಬೇಕೋ, ಬೇಡವೋ? ಈ ಪ್ರಶ್ನೆಗಳ ಸುತ್ತ ಬೆಳೆದ ಪದ್ಧತಿಗೆ ಓಪನ್ ಬ್ಯಾಂಕಿಂಗ್, ಎಂದರೆ ಮುಕ್ತ ಬ್ಯಾಂಕಿಂಗ್ ಎಂದು ಹೆಸರು. ಅದರ ಸ್ವರೂಪವನ್ನೂ, ಅದರ ಮುಂದೆ ನಿಂತಿರುವ ಬ್ಯಾಂಕುಗಳು ಆರಿಸಿಕೊಳ್ಳಬೇಕಾದ ದಾರಿಗಳನ್ನೂ ನನ್ನ ಅಲ್ಪಮತಿಗೆ ತಿಳಿದ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಈ ವಿಷಯ ನನಗೆ ತರಗತಿಗಿಂತ ಮೊದಲು ನಮ್ಮ ಅವ್ವನ ಬಂಡಿಯ ಬಳಿ ಎದುರಾಯಿತು. ಹೊಸಪೇಟೆಯಲ್ಲಿ ಸಂಜೆಯಾದೊಡನೆ ಒಗ್ಗರಣೆ-ಮಿರ್ಚಿಯ ಬಂಡಿಗಳು ನಿಲ್ಲುವುದನ್ನು ವಾಚಕರೆಲ್ಲ ಬಲ್ಲಿರಿ. ಅವುಗಳಲ್ಲಿ ಒಂದು ನಮ್ಮದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು; ಹತ್ತಿಸಿದ್ದು ಆ ಬಂಡಿ. ಅದರ ಮೂಲೆಯಲ್ಲಿ ಒಂದು ಕ್ಯೂಆರ್ ಹಲಗೆ ಇದೆ. ಪಕ್ಕದಲ್ಲಿ, ಹಣ ಬಂದೊಡನೆ ಕೂಗಿ ಹೇಳುವ ಪುಟ್ಟ ಡಬ್ಬಿ ಇದೆ. ಬಂಡಿಯನ್ನು ಬಿಟ್ಟು ಸಣ್ಣದೊಂದು ಮಳಿಗೆ ಹಿಡಿಯಬೇಕೆಂದು 2024ರಲ್ಲಿ ಅವ್ವ ಒಂದು ಲಕ್ಷ ರೂಪಾಯಿ ಸಾಲ ಕೇಳಲು ಬ್ಯಾಂಕೊಂದಕ್ಕೆ ಹೋದಳು. ನಾನೂ ಜೊತೆಗಿದ್ದೆ. ಆದಾಯಕ್ಕೆ ಪುರಾವೆ ಏನೆಂದು ಕೇಳಿದರು. "ದಿನಾ ಸಂಜೀಕೆ ನಮ್ಮ ಡಬ್ಬಿ ಕೂಗ್ತೈತಲ್ರಿ ಸಾಹೇಬ್ರೆ, ಅದು ಪುರಾವೆ ಅಲ್ಲೇನ್ರಿ?" ಎಂದಳು ಅವ್ವ. ಅಲ್ಲಿದ್ದವರು ನಕ್ಕರು. ಡಬ್ಬಿಯ ಹಣ ಸೇರುತ್ತಿದ್ದುದು ಬೇರೊಂದು ಬ್ಯಾಂಕಿನ ಖಾತೆಗೆ. ಆ ಬ್ಯಾಂಕಿನಿಂದ ಹನ್ನೆರಡು ತಿಂಗಳ ಲೆಕ್ಕವನ್ನು ಮುದ್ರೆ ಹಾಕಿಸಿ ತನ್ನಿರೆಂದರು. ಹಿಟ್ಟು ಕಲಸುವ, ಮೆಣಸಿನಕಾಯಿ ಹಸನು ಮಾಡುವ ಹೊತ್ತೆಲ್ಲ ಸರದಿಯಲ್ಲಿ ಕಳೆದು, ಎರಡು ಸಂಜೆ ಬಂಡಿ ನಿಲ್ಲಲೇ ಇಲ್ಲ. ಕಾಗದಗಳನ್ನು ಒಯ್ದು ಕೊಟ್ಟಾಗ ಇಬ್ಬರು ಜಾಮೀನುದಾರರನ್ನು ಕೇಳಿದರು. ಸಾಲ ಆಗಲಿಲ್ಲ.

ಆ ರಾತ್ರಿ ಅವ್ವ ನನ್ನನ್ನು ಕೇಳಿದಳು: "ನನ್ನ ಲೆಕ್ಕ ಆ ಬ್ಯಾಂಕಿನಾಗ ಐತೆ. ಈ ಬ್ಯಾಂಕಿನೋರು ನನ್ನ ಕೇಳಿ ಅಲ್ಲೇ ನೋಡಿಕೊಂಡ್ರ ಆಗಲ್ಲೇನು? ನಾನ್ಯಾಕ ಹೊತ್ಕೊಂಡು ತಿರುಗಬೇಕು?" ಓದು ಬಾರದ ನನ್ನ ತಾಯಿಯ ಈ ಪ್ರಶ್ನೆಯನ್ನು ಲಂಡನ್ನಿನ ಅಧಿಕಾರಿಗಳೂ ಮುಂಬಯಿಯ ರಿಸರ್ವ್ ಬ್ಯಾಂಕೂ ಅದಕ್ಕೆ ಮೊದಲೇ ಕೇಳಿಕೊಂಡಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು 2016ರಲ್ಲಿ ಒಂದು ವಿಚಾರಣೆಯನ್ನು ಮುಗಿಸಿ, ದೊಡ್ಡ ಹಳೆಯ ಬ್ಯಾಂಕುಗಳು ಗಿರಾಕಿಗಳಿಗಾಗಿ ಸಾಕಷ್ಟು ಪೈಪೋಟಿ ಮಾಡುತ್ತಿಲ್ಲ, ಹೊಸ ಸಣ್ಣ ಬ್ಯಾಂಕುಗಳಿಗೆ ಬೆಳೆಯಲು ಎಡೆಯಿಲ್ಲ ಎಂದು ಹೇಳಿತು. ಅದಕ್ಕೆ ಕಂಡುಕೊಂಡ ಮದ್ದುಗಳಲ್ಲಿ ಒಂದು, ಒಂಬತ್ತು ದೊಡ್ಡ ಬ್ಯಾಂಕುಗಳು ಗಿರಾಕಿಯ ಒಪ್ಪಿಗೆಯಿದ್ದಲ್ಲಿ ಅವನ ಲೆಕ್ಕವನ್ನು ಇತರ ಸಂಸ್ಥೆಗಳಿಗೆ ತೆರೆದು ತೋರಿಸಬೇಕೆಂಬ ಕಟ್ಟಳೆ. ಅದು 2018ರ ಜನವರಿಯಲ್ಲಿ ಆಚರಣೆಗೆ ಬಂತು. ಅದೇ ತಿಂಗಳು ಯೂರೋಪಿನ ಒಕ್ಕೂಟದಲ್ಲಿಯೂ ಹಣಪಾವತಿಯ ಎರಡನೆಯ ನಿರ್ದೇಶನ ಅನ್ವಯವಾಯಿತು. ಆಸ್ಟ್ರೇಲಿಯ 2020ರಲ್ಲಿ ಇದೇ ದಾರಿ ಹಿಡಿಯಿತು. ಲೆಕ್ಕವನ್ನು ತೋರಿಸುವುದೆಂದರೆ ಗುಮಾಸ್ತನು ಪುಸ್ತಕವನ್ನು ಹೊತ್ತು ಹೋಗುವನೆಂದಲ್ಲ. ಬ್ಯಾಂಕಿನಲ್ಲಿ ಹಣ ಕಟ್ಟಲು ಒಂದು ಕಿಟಕಿ, ತೆಗೆಯಲು ಒಂದು ಕಿಟಕಿ ಇರುವಂತೆ, ಒಂದು ಗಣಕಯಂತ್ರವು ಮತ್ತೊಂದು ಗಣಕಯಂತ್ರದೊಡನೆ ಮಾತನಾಡಲು ಇಟ್ಟ ಕಿಟಕಿಗೆ ಎ.ಪಿ.ಐ. ಎನ್ನುತ್ತಾರೆ. ಗೊತ್ತಾದ ರೀತಿಯಲ್ಲಿ ಕೇಳಿದವರಿಗೆ, ಒಪ್ಪಿಗೆಯ ಚೀಟಿ ತೋರಿಸಿದರೆ ಮಾತ್ರ, ಆ ಕಿಟಕಿಯಿಂದ ಉತ್ತರ ಬರುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸ ಎರಡು ಹೆಜ್ಜೆಯಲ್ಲಿ ನಡೆಯಿತು. ಮೊದಲನೆಯದು ನಾವೆಲ್ಲ ದಿನವೂ ಬಳಸುವ ಯು.ಪಿ.ಐ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ 2016ರಲ್ಲಿ ಇದನ್ನು ಆರಂಭಿಸಿತು. ಒಂದು ಬ್ಯಾಂಕಿನ ಖಾತೆಯಿಂದ ಮತ್ತೊಂದು ಬ್ಯಾಂಕಿನ ಖಾತೆಗೆ, ಮೂರನೆಯವರ ಆ್ಯಪ್ ಹಿಡಿದು, ಕ್ಷಣದಲ್ಲಿ ಹಣ ಕಳುಹಿಸುವ ಮಾರ್ಗ ಇದರಿಂದ ತೆರೆಯಿತು. ಎರಡನೆಯ ಹೆಜ್ಜೆ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ. ಇದರ ನಿಯಮಗಳನ್ನು ರಿಸರ್ವ್ ಬ್ಯಾಂಕು 2016ರ ಸೆಪ್ಟೆಂಬರ್ 2ರಂದು ಹೊರಡಿಸಿತು. ಸರಿಯಾಗಿ ಐದು ವರ್ಷಗಳ ತರುವಾಯ, 2021ರ ಸೆಪ್ಟೆಂಬರ್ 2ರಂದು, ಸ್ಟೇಟ್ ಬ್ಯಾಂಕ್ ಸೇರಿದಂತೆ ಎಂಟು ಬ್ಯಾಂಕುಗಳೊಂದಿಗೆ ಜಾಲವು ಸಾರ್ವಜನಿಕವಾಗಿ ಆರಂಭವಾಯಿತು. ಯು.ಪಿ.ಐ. ಹಣವನ್ನು ಸಾಗಿಸುತ್ತದೆ, ಅಗ್ರಿಗೇಟರ್ ಹಣದ ಲೆಕ್ಕವನ್ನು ಸಾಗಿಸುತ್ತದೆ.

ಅಗ್ರಿಗೇಟರನ್ನು ಟಪಾಲಿನವನಿಗೆ ಹೋಲಿಸಬಹುದು. ಅವನು ಒಂದು ಮನೆಯಿಂದ ಮೊಹರು ಮಾಡಿದ ಲಕೋಟೆಯನ್ನು ತಂದು ಮತ್ತೊಂದು ಮನೆಗೆ ಮುಟ್ಟಿಸುತ್ತಾನೆ. ಒಡೆದು ಓದುವ ಅಧಿಕಾರ ಅವನಿಗಿಲ್ಲ. ಹಾಗೆಯೇ ಅಗ್ರಿಗೇಟರ್ ಸಂಸ್ಥೆಯು ತನ್ನ ಮೂಲಕ ಹಾದುಹೋಗುವ ಲೆಕ್ಕವನ್ನು ತೆರೆದು ನೋಡುವಂತಿಲ್ಲ, ಉಳಿಸಿಕೊಳ್ಳುವಂತಿಲ್ಲ, ಬೇರೆ ವ್ಯಾಪಾರ ಮಾಡುವಂತೆಯೂ ಇಲ್ಲ. ಯಾವ ಲೆಕ್ಕ, ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂಬುದನ್ನು ಖಾತೆದಾರನ ಒಪ್ಪಿಗೆಯಲ್ಲಿ ಸ್ಪಷ್ಟವಾಗಿ ಕಾಣಿಸಿರಬೇಕು. ಕೊಟ್ಟ ಒಪ್ಪಿಗೆಯನ್ನು ಖಾತೆದಾರನು ಹಿಂದಕ್ಕೆ ಪಡೆಯಲೂಬಹುದು. 2022ರ ನವೆಂಬರಿನಲ್ಲಿ ಜಿ.ಎಸ್.ಟಿ. ಜಾಲವನ್ನೂ ಲೆಕ್ಕ ಒದಗಿಸುವವರ ಪಟ್ಟಿಗೆ ಸೇರಿಸಿದ್ದರಿಂದ, ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಯು ತನ್ನ ವಹಿವಾಟನ್ನೂ ಹೀಗೆ ತೋರಿಸಬಹುದಾಗಿದೆ.

ಬ್ರಿಟನ್ನಿಗೂ ನಮಗೂ ಒಂದು ಮುಖ್ಯ ಭೇದವಿದೆ. ಅಲ್ಲಿ ದೊಡ್ಡ ಬ್ಯಾಂಕುಗಳಿಗೆ ಕಡ್ಡಾಯವಾದದ್ದು ಇಲ್ಲಿ ಐಚ್ಛಿಕವಾಗಿ ಆರಂಭವಾಯಿತು. ಆದುದರಿಂದಲೇ ನಮ್ಮ ಬ್ಯಾಂಕುಗಳು ಇಲ್ಲಿ ನಿಜವಾಗಿಯೂ ಆಯ್ಕೆ ಮಾಡಬೇಕಾಗಿದೆ. ಆ ಆಯ್ಕೆಗಳು ನನಗೆ ಐದಾಗಿ ತೋರುತ್ತವೆ.

ಮೊದಲನೆಯದು, ಲೆಕ್ಕದ ಪುಸ್ತಕವನ್ನು ತೆರೆಯಬೇಕೋ ಬೇಡವೋ ಎಂಬುದು. ಬ್ಯಾಂಕಿನ ಅಳುಕು ಅಕಾರಣವಾದುದಲ್ಲ. ಹತ್ತು ವರ್ಷ ನೋಡಿದ ಗಿರಾಕಿಯ ಗುಣ ಆ ಬ್ಯಾಂಕಿಗೆ ಮಾತ್ರ ಗೊತ್ತು. ಆ ತಿಳಿವಳಿಕೆಯೇ ಅದರ ಬಂಡವಾಳ. ಲೆಕ್ಕವನ್ನು ಹೊರಗೆ ಕೊಟ್ಟರೆ ಪಕ್ಕದ ಬ್ಯಾಂಕು ಅರ್ಧ ಶೇಕಡ ಕಡಿಮೆ ಬಡ್ಡಿಗೆ ಒಳ್ಳೆಯ ಗಿರಾಕಿಯನ್ನೇ ಕರೆದೊಯ್ಯಬಹುದು. ಕೊಟ್ಟವನು ಕೋಡಂಗಿ ಆಗುವನೆಂಬ ಭಯ ಇದೇ. ಆದರೆ ಮುಚ್ಚಿಟ್ಟುಕೊಂಡ ಬ್ಯಾಂಕು ಇತರರ ಪುಸ್ತಕವನ್ನೂ ನೋಡಲಾರದು. ಲೆಕ್ಕ ಪಡೆಯಲು ಜಾಲಕ್ಕೆ ಸೇರುವ ಸಂಸ್ಥೆಯು, ತನ್ನಲ್ಲಿ ಅಂಥ ಲೆಕ್ಕವಿದ್ದರೆ ಅದನ್ನು ಕೊಡಲೂ ಸೇರಲೇಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ವಿಧಿಸಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುವುದುಂಟೆ? ಅವ್ವನಿಗೆ ಸಾಲ ನಿರಾಕರಿಸಿದ ಬ್ಯಾಂಕಿಗೆ ಆ ದಿನ ಬೇಕಾಗಿದ್ದುದು ಮತ್ತೊಂದು ಬ್ಯಾಂಕಿನಲ್ಲಿದ್ದ ಲೆಕ್ಕ. ಅದು ಕಾಗದವಾಗಿ ಬಂದಿತು. ಬಂದುದನ್ನು ನಂಬಲು ಆಗಲಿಲ್ಲ. ದೊಡ್ಡ ಬ್ಯಾಂಕಿಗೆ ಕೊಡುವುದು ಹೆಚ್ಚು, ಪಡೆಯುವುದು ಕಡಿಮೆ ಇರಬಹುದು. ಕೆಲವೇ ಶಾಖೆಗಳ ಸಣ್ಣ ಬ್ಯಾಂಕಿಗೆ ಮಾತ್ರ, ಇತರರ ಪುಸ್ತಕ ತೆರೆದಷ್ಟೂ ಲಾಭ. ಆದುದರಿಂದ ಈ ಪ್ರಶ್ನೆಗೆ ಎಲ್ಲ ಬ್ಯಾಂಕುಗಳೂ ಒಂದೇ ಉತ್ತರ ಕೊಡುವುದು ಸಾಧ್ಯವಿಲ್ಲ.

ಎರಡನೆಯ ಆಯ್ಕೆ, ಗಿರಾಕಿಯ ಎದುರಿಗೆ ಕಾಣುವ ಮುಖ ಯಾರದಾಗಬೇಕೆಂಬುದು. ಇದಕ್ಕೆ ಹಂಪಿಗೆ ಹೋಗಿ ನೋಡಬೇಕು. ಪೋರ್ಚುಗೀಸ್ ಪ್ರವಾಸಿ ಪೇಸ್ ಬೆರಗಾಗಿ ಬಣ್ಣಿಸಿದ ಪೇಟೆಗಳ ನೆಲದಲ್ಲಿ ಈಗ ಎಳನೀರು ಮಾರುವವರು, ಗೈಡುಗಳು, ಹರಿಗೋಲು ಹಾಕುವವರು ಜೀವನ ಸಾಗಿಸುತ್ತಾರೆ. ನನ್ನ ಸಹಪಾಠಿಯೊಬ್ಬಳ ತಂದೆ ಅಲ್ಲಿ ಎಳನೀರು ಮಾರುತ್ತಾರೆ. "ನಿಮ್ಮ ದುಡ್ಡು ಯಾವ ಬ್ಯಾಂಕಿಗೆ ಬರುತ್ತದೆ ಕಾಕಾ?" ಎಂದು ನಾನು ಕೇಳಿದೆ. ಅವರು ಒಂದು ಆ್ಯಪಿನ ಹೆಸರು ಹೇಳಿದರು. "ಅದು ಆ್ಯಪು, ಬ್ಯಾಂಕು ಯಾವುದು?" ಎಂದರೆ, "ಅದೇ ಅಲ್ಲೇನವ್ವ ಬ್ಯಾಂಕು?" ಎಂದು ನನ್ನನ್ನೇ ಕೇಳಿದರು. ಅವರ ಹಣವನ್ನು ಕಾಯುವುದು ಬ್ಯಾಂಕು, ಯಂತ್ರಗಳ ಖರ್ಚು ಹೊರುವುದು ಬ್ಯಾಂಕು. ಮನಸ್ಸಿನಲ್ಲಿ ಉಳಿದ ಹೆಸರು ಮಾತ್ರ ಮೂರನೆಯವರದು.

ಇದು ಹಂಪಿಯೊಂದರ ಮಾತಲ್ಲ. ದೇಶದ ಯು.ಪಿ.ಐ. ವ್ಯವಹಾರದ ಬಹುಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡು ಆ್ಯಪುಗಳ ಮೂಲಕವೇ ನಡೆಯುತ್ತಿದೆ. ಯಾವ ಆ್ಯಪೂ ಶೇಕಡ 30ರ ಮೇಲೆ ಹೋಗಬಾರದೆಂಬ ಮಿತಿಯನ್ನು 2020ರಲ್ಲಿ ಪ್ರಕಟಿಸಿದರೂ, ಅದನ್ನು ಪಾಲಿಸುವ ಗಡುವನ್ನು ಮುಂದೂಡುತ್ತ 2026ರ ಕೊನೆಯವರೆಗೆ ತಂದಿದ್ದಾರೆ. 2020ರ ಜನವರಿಯಿಂದ ಯು.ಪಿ.ಐ. ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲವಾದ್ದರಿಂದ, ಬ್ಯಾಂಕಿಗೆ ಅಲ್ಲಿ ನೇರವಾದ ಆದಾಯವೂ ಇಲ್ಲ. ಹೀಗಿರುವಾಗ ಬ್ಯಾಂಕು ತಾನೇ ಆ್ಯಪು ಕಟ್ಟಬೇಕೆ, ಇತರರ ಆ್ಯಪಿನ ಹಿಂದೆ ಮರೆಯಾಗಿ ನಿಲ್ಲಬೇಕೆ? ಸ್ಟೇಟ್ ಬ್ಯಾಂಕು 2017ರಲ್ಲಿ ಯೋನೋ ಎಂಬುದನ್ನೂ, ಕೆನರಾ ಬ್ಯಾಂಕು 2022ರಲ್ಲಿ ಎಐ1 ಎಂಬುದನ್ನೂ ಹೊರತಂದು ಮೊದಲ ದಾರಿಯನ್ನು ಹಿಡಿದವು. ಮುಖವನ್ನು ಉಳಿಸಿಕೊಳ್ಳುವ ಈ ದಾರಿಗೆ ಬಹಳ ಬಂಡವಾಳ ಬೇಕು. ಮರೆಯಲ್ಲಿ ನಿಲ್ಲುವ ದಾರಿ ಅಗ್ಗವಾದರೂ, ನಲ್ಲಿಯ ನೀರು ಕುಡಿಯುವವನು ಭೂಮಿಯೊಳಗಿನ ಕೊಳವೆಯನ್ನು ನೆನೆಯದಂತೆ, ಗಿರಾಕಿಯು ಬ್ಯಾಂಕನ್ನು ಮರೆತುಬಿಡುವ ಅಪಾಯ ಅದರಲ್ಲಿದೆ.

ಮೂರನೆಯದು, ಯಾರ ಹೆಗಲ ಮೇಲೆ ಕೈಯಿಡಬೇಕೆಂಬ ಆಯ್ಕೆ. ಎಲ್ಲವನ್ನೂ ತಾನೇ ಕಟ್ಟಲಾರದ ಬ್ಯಾಂಕು ಪಾಲುದಾರರನ್ನು ಹುಡುಕಲೇಬೇಕು. ಆದರೆ ಒಬ್ಬನನ್ನೇ ನೆಚ್ಚಿದರೆ ಏನಾಗುವುದೆಂಬುದನ್ನು 2020ರ ಮಾರ್ಚ್ ತಿಂಗಳು ತೋರಿಸಿತು. ಯೆಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದೊಡನೆ, ಆ ಒಂದೇ ಬ್ಯಾಂಕಿನ ಆಸರೆಯಲ್ಲಿದ್ದ ಫೋನ್‌ಪೇ ಸೇವೆ ಸ್ಥಗಿತವಾಯಿತು. ಬೇರೆ ಬ್ಯಾಂಕಿನ ಆಸರೆ ದೊರೆತ ಮೇಲೆಯೇ ಅದು ಚೇತರಿಸಿಕೊಂಡಿತು. ಅಲ್ಲಿ ಬ್ಯಾಂಕನ್ನು ನೆಚ್ಚಿದ ಆ್ಯಪು ಕಷ್ಟಪಟ್ಟಿತು. ಆ್ಯಪನ್ನೇ ನೆಚ್ಚಿದ ಬ್ಯಾಂಕಿಗೂ ಅದೇ ಗತಿ ಬರಬಹುದು. ನಮ್ಮ ಗ್ರಾಮೀಣ ಬ್ಯಾಂಕುಗಳ ದಾರಿ ಬೇರೆ. ಬಳ್ಳಾರಿಯಲ್ಲಿ 1976ರಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹಲವು ವಿಲೀನಗಳನ್ನು ಕಂಡು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಅದರ ಮುಖ್ಯ ಕಚೇರಿ ಬಳ್ಳಾರಿಯಲ್ಲಿ, ಪ್ರಾಯೋಜಕ ಬ್ಯಾಂಕು ಕೆನರಾ. ಹೀಗೆ ದೊಡ್ಡದಾದುದರಿಂದ ಒಂದೇ ಯಂತ್ರವ್ಯವಸ್ಥೆಯನ್ನು ಎಲ್ಲ ಶಾಖೆಗಳಿಗೂ ಹರಡುವುದು ಸುಲಭ. ಅದರ ಜೊತೆಗೆ ಹಳ್ಳಿಯ ಪರಿಚಯ ಕಳೆಯದಂತೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ.

ಈ ಪರಿಚಯದ ಬೆಲೆಯೇನೆಂಬುದನ್ನು ಕನ್ನಡ ನಾಡಿನ ಬ್ಯಾಂಕುಗಳಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಬರೆದುಕೊಳ್ಳುತ್ತಿದ್ದನು. ಯಾವ ಮನೆಯಲ್ಲಿ ಹಬ್ಬ, ಯಾವ ಮನೆಯಲ್ಲಿ ಕಾಯಿಲೆ, ಯಾರ ಅಂಗಡಿ ಬೆಳೆಯುತ್ತಿದೆ ಎಂಬುದು ಅವನ ಚೀಟಿಯಲ್ಲಿ ಇಲ್ಲದಿದ್ದರೂ ಅವನ ತಲೆಯಲ್ಲಿ ಇರುತ್ತಿತ್ತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾಯಿತು. ಅದಕ್ಕೆ ಮೂರು ವರ್ಷ ಮೊದಲು, 1913ರಲ್ಲಿ ಸ್ಥಾಪಿತವಾಗಿದ್ದ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಸೇರಿತ್ತು. ಹೆಸರುಗಳು ಹೋದರೂ ಆ ಪಾಠ ಹೋಗಬೇಕಾಗಿಲ್ಲ.

ಏಕೆಂದರೆ ನಾಲ್ಕನೆಯ ಆಯ್ಕೆಯು ಆ ಪಾಠವನ್ನೇ ಕೇಳುತ್ತದೆ: ಕೈಗೆ ಬಂದ ಲೆಕ್ಕವನ್ನು ಹೇಗೆ ಓದಬೇಕು? ಕಂಪ್ಲಿಯಲ್ಲಿ ನನ್ನ ಸೋದರಮಾವನಿಗೆ ಮೂರು ಎಕರೆ ಭತ್ತದ ಗದ್ದೆಯಿದೆ. ಅವನ ಖಾತೆಯನ್ನು ತೆರೆದು ನೋಡಿದರೆ ವರ್ಷದಲ್ಲಿ ಒಂದೆರಡು ದಿನ ದೊಡ್ಡ ಮೊತ್ತ ಬಂದಿರುತ್ತದೆ. ಉಳಿದ ತಿಂಗಳು ಬರಿದು. ಸಂಬಳದಾರನ ಲೆಕ್ಕಕ್ಕೆ ಒಗ್ಗಿದ ಯಂತ್ರಕ್ಕೆ ಅವನು ಆದಾಯವಿಲ್ಲದವನಂತೆ ಕಾಣಬಹುದು. ಗೊಬ್ಬರದ ಅಂಗಡಿಯ ಉದ್ದರಿ, ದಲ್ಲಾಳಿಯ ಬಳಿ ತಂದ ಮುಂಗಡ, ಇವಾವುವೂ ಬ್ಯಾಂಕಿನ ಪುಸ್ತಕದಲ್ಲಿ ಇರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ನಮ್ಮ ಮಾವ ನಿದ್ದೆ ಮಾಡಲಿಲ್ಲ. ಆ ರಾತ್ರಿಯ ಭಯ ಯಾವ ಖಾತೆಯಲ್ಲಿಯೂ ಬರೆದಿಲ್ಲ. ಆದರೂ ರೈತನಿಗೆ ಈ ಪದ್ಧತಿಯಿಂದ ಉಪಕಾರವಿಲ್ಲವೆನ್ನಲಾರೆ. 2022ರ ಸೆಪ್ಟೆಂಬರಿನಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಕಾಗದವಿಲ್ಲದೆ ಕೊಡುವ ಪ್ರಯೋಗ ಮಾಡಿದರು. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ಇದನ್ನು ಬೆಳೆಸಿತು; 2024ರಲ್ಲಿ ಇದಕ್ಕೆ ಯು.ಎಲ್.ಐ. ಎಂದು ಹೆಸರಿಟ್ಟರು. ಭೂಮಿಯ ದಾಖಲೆ ಮೊದಲಾದ ವಿವರಗಳು ಸಾಲ ಕೊಡುವವರಿಗೆ ನೇರವಾಗಿ ದೊರೆಯುವಂತೆ ಮಾಡುವುದು ಇದರ ಗುರಿ. ಪಹಣಿಗಾಗಿ, ಬೇಬಾಕಿ ಪತ್ರಕ್ಕಾಗಿ ಬಸ್ಸು ಹತ್ತಿಳಿದು ಕೂಲಿ ಕಳೆದುಕೊಳ್ಳುವ ರೈತನಿಗೆ ಇದು ಸಣ್ಣ ಮಾತಲ್ಲ.

ಸಂಡೂರಿನ ಪಾಠ ಇದಕ್ಕೆ ವಿರುದ್ಧವಾದುದು. ಅದಿರಿನ ಭರಾಟೆಯ ವರ್ಷಗಳಲ್ಲಿ ಅಲ್ಲಿ ಅನೇಕರು ಸಾಲ ಮಾಡಿ ಲಾರಿ ಕೊಂಡರು. ನನ್ನ ಗೆಳತಿಯ ತಂದೆಯೂ ಅವರಲ್ಲೊಬ್ಬರು. ಅವರ 2010ರ ಖಾತೆಯನ್ನು ಯಾವ ಯಂತ್ರದ ಮುಂದಿಟ್ಟಿದ್ದರೂ ಅದು ಮೆಚ್ಚಿ ತಲೆದೂಗುತ್ತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿ ಮನೆಯ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ. ಕಂಪ್ಲಿಯ ಬರಿದಾದ ಲೆಕ್ಕ ಇರುವ ಶಕ್ತಿಯನ್ನು ಮರೆಮಾಡಿದರೆ, ಸಂಡೂರಿನ ತುಂಬಿದ ಲೆಕ್ಕ ಬರಲಿರುವ ಕಷ್ಟವನ್ನು ಮರೆಮಾಡಿತು. ಲೆಕ್ಕವು ಕಳೆದುದನ್ನು ಹೇಳುತ್ತದೆ. ಮುಂದಿನದನ್ನು ತಿಳಿಯಲು ಊರು ಬಲ್ಲ ಮನುಷ್ಯ ಬೇಕು. ಯಂತ್ರ ಬಂತೆಂದು ಶಾಖೆಯ ಹಳೆಯ ಅನುಭವಿಯನ್ನು ಕೈಬಿಡುವ ಬ್ಯಾಂಕು ತನ್ನ ಒಂದು ಕಣ್ಣನ್ನು ತಾನೇ ಮುಚ್ಚಿಕೊಂಡಂತೆ.

ಐದನೆಯದು ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ನಂಬಿಕೆಯ ಪ್ರಶ್ನೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಮೊದಲನೆಯ ವರ್ಷದಲ್ಲಿ ಪರೀಕ್ಷಾಶುಲ್ಕಕ್ಕೆ ಹಣ ಸಾಲದೆ, ಅವ್ವನಿಗೆ ಹೇಳಲು ಸಂಕೋಚಪಟ್ಟು, ಫೋನಿನಲ್ಲಿ ಸಿಕ್ಕಿದ ಒಂದು ಸಾಲದ ಆ್ಯಪಿನಿಂದ ನಾಲ್ಕು ಸಾವಿರ ರೂಪಾಯಿ ಪಡೆದೆ. ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಎಲ್ಲಕ್ಕೂ 'ಒಪ್ಪಿದೆ' ಎಂದು ಒತ್ತಿದೆ. ಕಂತು ಎಂಟು ದಿನ ತಡವಾಯಿತು. ನನ್ನ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಕರೆ ಹೋಗತೊಡಗಿತು. ಕಂಪ್ಲಿಯ ಮಾವನಿಗೂ ಹೋಯಿತು. ಅವನು ಬಂದು ಹಣ ತೀರಿಸಿ, ಬೈಯದೆ, "ದುಡ್ಡಿನ ಮಾತು ಇರ್ಲವ್ವ. ನಮ್ಮ ನಂಬರ್ ಎಲ್ಲಾ ಅವರ ಕೈಗೆ ಯಾಕ ಕೊಟ್ಟಿ?" ಎಂದು ಮಾತ್ರ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು. ಸಾಲದ ಆ್ಯಪುಗಳು ಫೋನಿನ ಹೆಸರುಪಟ್ಟಿಯನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿಯೇ ನಿಯಮ ಮಾಡಿತ್ತು. ನಿಯಮಕ್ಕೆ ಹೊರಗಿದ್ದವರ ಬಾಗಿಲಿಗೆ ನಾನಾಗಿ ಹೋಗಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೊಟ್ಟ ವಿವರವೂ ಹಾಗೆಯೇ. ನಾನು ಕೊಟ್ಟ ಒಪ್ಪಿಗೆಗೂ ಅಗ್ರಿಗೇಟರ್ ವ್ಯವಸ್ಥೆ ಬೇಡುವ ಒಪ್ಪಿಗೆಗೂ ಇರುವ ಅಂತರ ಬಹಳ. ಒಂದು ಕೊಳ್ಳೆ, ಮತ್ತೊಂದು ಕಾಗದಪತ್ರದಂತೆ ಮಿತಿಯುಳ್ಳದ್ದು. ಆದರೆ ಎರಡರಲ್ಲಿಯೂ ಬೆರಳು ಒತ್ತುವ ಗುಂಡಿ ಒಂದೇ ತೆರನಾಗಿ ಕಾಣುತ್ತದೆ. ಓದಲು ಬಾರದವರಿಗೆ ಇವೆರಡರ ವ್ಯತ್ಯಾಸವನ್ನು ತಿಳಿಸುವವರು ಯಾರು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದರಲ್ಲಾಗಲಿ ಓದುವ ಅವಕಾಶ ಇರಬೇಕೆಂದು ಹೇಳುತ್ತದೆ. ಆ ಭಾಷೆಗಳಲ್ಲಿ ಕನ್ನಡವೂ ಒಂದೆಂದು ಬೇರೆ ಹೇಳಬೇಕಾಗಿಲ್ಲ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಬೇಕಾಗಿದೆ. ಬ್ಯಾಂಕಿನ ಮುಂದೆ ಇಲ್ಲಿಯೂ ಎರಡು ದಾರಿಗಳಿವೆ. ಕಾಯಿದೆ ಕೇಳಿದಷ್ಟು ಮಾಡಿ, ಯಾರಿಗೂ ಅರ್ಥವಾಗದ ಕಛೇರಿಯ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ ಕೈತೊಳೆದುಕೊಳ್ಳಬಹುದು. ಇಲ್ಲವೆ ಗಿರಾಕಿಗೆ ಅರ್ಥವಾಗುವ ಮಾತಿನಲ್ಲಿ, ಶಾಖೆಯಲ್ಲಿ ಒಬ್ಬರು ಕುಳಿತು ಹೇಳಿ, ಆಮೇಲೆ ಒಪ್ಪಿಗೆ ಪಡೆಯಬಹುದು. ಎರಡನೆಯದಕ್ಕೆ ಸಮಯ ಹಿಡಿಯುತ್ತದೆ, ಸಿಬ್ಬಂದಿ ಬೇಕು. ಆದರೆ ಎಲ್ಲರ ಆ್ಯಪೂ ಒಂದೇ ವೇಗದ್ದಾದ ಕಾಲದಲ್ಲಿ ಗಿರಾಕಿ ಯಾರ ಬಳಿಗೆ ಹೋದಾನು? ತನಗೆ ತಿಳಿಯುವಂತೆ ಹೇಳಿದವರ ಬಳಿಗೇ ಹೋದಾನೆಂದು ನನ್ನ ನಂಬಿಕೆ.

ಈ ನಂಬಿಕೆಗೆ ಆಧಾರ ನಮ್ಮ ಮನೆಯಲ್ಲಿಯೇ ದೊರೆಯಿತು. 2025ರಲ್ಲಿ ಅವ್ವ ಮತ್ತೊಂದು ಬ್ಯಾಂಕಿನಲ್ಲಿ ಸಾಲ ಕೇಳಿದಳು. ಅಲ್ಲಿನ ಅಧಿಕಾರಿ ಕಾಗದ ಕೇಳಲಿಲ್ಲ; ಅಗ್ರಿಗೇಟರ್ ಮೂಲಕ ಲೆಕ್ಕ ತರಿಸಬಹುದೆಂದರು. ಅವ್ವನ ಫೋನಿಗೆ ಒಪ್ಪಿಗೆಯ ಕೋರಿಕೆ ಬಂತು. ಇಂಗ್ಲಿಷಿನಲ್ಲಿತ್ತು. ನನ್ನ ಕಥೆಯನ್ನು ಅಷ್ಟರಲ್ಲಿ ತಿಳಿದಿದ್ದ ಅವ್ವ ಬೆರಳು ಹಿಂದ ತೆಗೆದಳು. "ಒಂದೊಂದು ಸಾಲು ಓದಿ ಹೇಳು. ಬಿಡಬ್ಯಾಡ" ಎಂದಳು. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಕಳೆದ ಹನ್ನೆರಡು ತಿಂಗಳ ಲೆಕ್ಕ, ಸಾಲದ ಪರಿಶೀಲನೆಗೆ, ಒಂದೇ ಸಲ. "ಫೋನಿನಾಗಿನ ಹೆಸರು ನೋಡ್ತಾರೇನು?" ಇಲ್ಲವೆಂದೆ. "ಸಾಲ ಕೊಡದಿದ್ರ ನೋಡಿದ್ದನ್ನ ಏನ್ ಮಾಡ್ತಾರ?" ಎಂದು ಅಧಿಕಾರಿಯನ್ನೇ ಕೇಳಿದಳು. ಅವರು ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಒಪ್ಪಿಗೆಯಲ್ಲಿ ಬರೆದ ಅವಧಿ ಮುಗಿದ ಮೇಲೆ ಅದನ್ನು ಇಟ್ಟುಕೊಳ್ಳುವಂತಿಲ್ಲವೆಂದು ನಿಧಾನವಾಗಿ ತಿಳಿಸಿದರು. ಆ ಮೇಲೆ ಅವ್ವ ಗುಂಡಿ ಒತ್ತಿದಳು. ಕೇಳಿದ್ದು ಒಂದು ಲಕ್ಷ, ಮಂಜೂರಾದುದು ಅರವತ್ತು ಸಾವಿರ. "ಅರ್ಧಕ್ಕಿಂತ ಜಾಸ್ತಿ ನಂಬಿದ್ರು" ಎಂದಳು ಮನೆಗೆ ಬಂದು. ಮಳಿಗೆಗೆ ಇನ್ನೂ ಹಣ ಕೂಡಬೇಕು. ಸದ್ಯಕ್ಕೆ ಬಂಡಿಗೆ ಹೊಸ ತಗಡಿನ ಮಾಡು, ದೊಡ್ಡ ಬಾಣಲೆ, ಎರಡನೆಯ ಒಲೆ ಬಂದಿವೆ.

ನಾನು ಹೇಳಬೇಕೆಂದಿದ್ದುದು ಇಷ್ಟೇ. ಕಿಟಕಿಗಳು, ಜಾಲಗಳು, ಆ್ಯಪುಗಳು ಎಲ್ಲವೂ ಹಣ ಕೊಟ್ಟರೆ ದೊರೆಯುವಂಥವು. ಬ್ಯಾಂಕು ಮೊದಲು ತೀರ್ಮಾನಿಸಬೇಕಾದುದು ಲೆಕ್ಕದ ಕೀಲಿಕೈ ಯಾರ ಕೈಯಲ್ಲಿ ಇದೆಯೆಂಬುದನ್ನು. ಅದು ಖಾತೆದಾರನದೆಂದು ಮನಸ್ಸಿನಿಂದ ಒಪ್ಪಿದರೆ, ಉಳಿದ ಆಯ್ಕೆಗಳಲ್ಲಿ ಅಲ್ಪಸ್ವಲ್ಪ ತಪ್ಪಿದರೂ ಬ್ಯಾಂಕು ಉಳಿದೀತು. ಒಪ್ಪದಿದ್ದರೆ ಎಷ್ಟು ಒಳ್ಳೆಯ ಯಂತ್ರ ತಂದರೂ ಅದು ಹಳೆಯ ಸಾಹುಕಾರನ ಕೆಂಪು ವಹಿಯ ಹೊಸ ರೂಪವಾದೀತು.

ನಮ್ಮಲ್ಲಿ ಅನೇಕರು ಪುಸ್ತಕಾಲಯದ ಮೂಲೆಯಲ್ಲಿ ಕುಳಿತು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೇವೆ. ನಾನೂ ಅವರಲ್ಲೊಬ್ಬಳು. ನಾಳೆ ನಮ್ಮಲ್ಲಿ ಕೆಲವರಾದರೂ ಕಿಟಕಿಯ ಆಚೆ ಬದಿಯಲ್ಲಿ ಕುಳಿತೇವು. ಆಗ ಎಣ್ಣೆಯ ಕೈ ಒರೆಸಿಕೊಂಡು ಯಾರೋ ಒಬ್ಬ ತಾಯಿ ಫೋನು ಮುಂದೆ ಹಿಡಿದು, "ಇದರಾಗ ಏನ್ ಬರ್ದೈತೆ ಓದಿ ಹೇಳವ್ವ" ಎಂದರೆ, ಸರದಿ ಉದ್ದವಿದೆಯೆಂದು ಅವಸರ ಮಾಡದೆ, ಒಂದೊಂದು ಸಾಲನ್ನೂ ಬಿಡದೆ ಓದಿ ಹೇಳುವಷ್ಟು ತಾಳ್ಮೆ ನಮಗಿರಲಿ.